ರಸ್ತೆಯ ಎಡಗಡೆ ಒಂದು ವಾರ್ಡ್, ಬಲಗಡೆ ಇನ್ನೊಂದು

ಜೋರು ಮಳೆ ಬಂದರೆ ನಮ್ಮ ರಸ್ತೆಯಲ್ಲಿ ನೀರು ನುಗ್ಗೋದು ಎಡಗಡೆ ಮನೆಗಳಿಗೆ. ಆ ನೀರು ಹೋಗಬೇಕಾದ ಚರಂಡಿ ಇರೋದು ಬಲಗಡೆ, ನಮ್ಮ ಅಪಾರ್ಟ್‌ಮೆಂಟ್ ಮುಂದೆ. 2025ರ ಸೆಪ್ಟೆಂಬರ್ 30ಕ್ಕೆ ಬೆಂಗಳೂರಿನ ಹೊಸ ವಾರ್ಡ್‌ಗಳ ಕರಡು ಪ್ರಕಟವಾಯಿತು. ನಕ್ಷೆ ತೆರೆದು ನೋಡಿದರೆ ಗಡಿ ಸರಿಯಾಗಿ ನಮ್ಮ ರಸ್ತೆ ಮಧ್ಯದಲ್ಲೇ ಹಾದುಹೋಗಿತ್ತು. ನೀರು ನುಗ್ಗೋ ಮನೆಗಳು ಒಂದು ವಾರ್ಡ್, ಚರಂಡಿ ಇನ್ನೊಂದು ವಾರ್ಡ್! ನಾಳೆ ಕಾರ್ಪೊರೇಟರ್ ಅಂತ ಒಬ್ಬರು ಬಂದರೂ ‘ಅದು ನಮ್ಮ ವಾರ್ಡ್ ಅಲ್ಲ ಸ್ವಾಮಿ’ ಅನ್ನೋದಕ್ಕೆ ಇಬ್ಬರಿಗೂ ಅವಕಾಶ.

ನಾಳೆ ಬಂದರೂ ಅಂದೆ. ಯಾಕಂದ್ರೆ ನಾವು ಪಾಲಿಕೆಗೆ ಕೊನೆ ಸಲ ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಚುನಾವಣೆ ಬರಲಿಲ್ಲ, ನಕ್ಷೆಗಳು ಮಾತ್ರ ಬಂದವು. 198 ಇದ್ದ ವಾರ್ಡ್ 2022ರಲ್ಲಿ 243 ಆಯ್ತು, 2023ರಲ್ಲಿ 225 ಆಯ್ತು. ಪಾಲಿಕೆಯನ್ನೇ ಐದು ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ತಂದ ಮೇಲೆ ಕರಡಿನಲ್ಲಿ 368.

ಪ್ರತಿ ಸಲವೂ ಕರಡಿನ ಜೊತೆ ‘ಆಕ್ಷೇಪಣೆ, ಸಲಹೆಗಳಿದ್ದರೆ ಲಿಖಿತವಾಗಿ ಸಲ್ಲಿಸಿ’ ಅಂತ ಒಂದು ಸಾಲು ಇರುತ್ತೆ. ಗಡಿ ಬದಲಾಯಿಸಿ ಅಂತ ನಮ್ಮಂಥವರು ಕೇಳೋಕೆ ಇರುವ ಬಾಗಿಲು ಇದೇ. ತೆರೆದಿರೋದು ಹೆಚ್ಚುಕಮ್ಮಿ ಎರಡು ವಾರ. 2025ರಲ್ಲಿ ಅಕ್ಟೋಬರ್ 15 ಕೊನೇ ದಿನ. ಬಾಗಿಲು ಮುಚ್ಚಿದ ಮೇಲೆ ಕೋರ್ಟ್‌ಗೆ ಹೋಗ್ತೀವಿ ಅಂದ್ರೆ ಅದು ಇನ್ನೂ ಕಷ್ಟ. ಸಂವಿಧಾನದ 243 ಝಡ್‌ಜಿ ವಿಧಿ ವಾರ್ಡ್ ವಿಂಗಡಣೆ ವಿಷಯದಲ್ಲಿ ಕೋರ್ಟ್‌ನ ಕೈ ಬಹಳ ಮಟ್ಟಿಗೆ ಕಟ್ಟಿಹಾಕಿದೆ.

2022ರಲ್ಲಿ ನಾನೂ ಒಂದು ಆಕ್ಷೇಪಣೆ ಕಳಿಸಿದ್ದೆ. ಕೊನೇ ದಿನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಬಂದ ಎರಡು ಸಾಲನ್ನೇ ಕಾಪಿ ಮಾಡಿ, ‘ದಯವಿಟ್ಟು ನಮ್ಮ ಏರಿಯಾ ಒಡೆಯಬೇಡಿ’ ಅಂತ. ಏನೂ ಆಗಲಿಲ್ಲ. ಆಗೋದಾದರೂ ಹೇಗೆ? ಆಫೀಸಲ್ಲಿ ಯಾರಾದರೂ ‘ಆ್ಯಪ್ ಸರಿ ಇಲ್ಲ’ ಅಂತಷ್ಟೇ ಬಗ್ ಹಾಕಿದರೆ ನಾನೇ ಕ್ಲೋಸ್ ಮಾಡಿಬಿಡ್ತೀನಿ.

ಗಡಿ ಎಳೆಯುವವರ ಮುಂದಿರೋದು ರಸ್ತೆ, ಮಳೆ ಅಲ್ಲ, ಜನಸಂಖ್ಯೆ. ಜನಗಣತಿಗೆ ಊರನ್ನು ನೂರಿಪ್ಪತ್ತು–ನೂರೈವತ್ತು ಮನೆಗಳ ಬ್ಲಾಕ್‌ಗಳಾಗಿ ಹಂಚಿರುತ್ತಾರೆ. ಆ ಬ್ಲಾಕ್‌ಗಳನ್ನೇ ಜೋಡಿಸಿ, ವಾರ್ಡ್ ವಾರ್ಡ್‌ಗೂ ಜನ ಆದಷ್ಟು ಸಮ ಬರೋ ಹಾಗೆ ನೋಡ್ತಾರೆ. ಬೆಂಗಳೂರಿನ 84 ಲಕ್ಷ ಜನರನ್ನು 368ಕ್ಕೆ ಹಂಚಿದರೆ ಸರಾಸರಿ 23 ಸಾವಿರ. 84 ಲಕ್ಷ ಎಲ್ಲಿಂದ ಬಂತು ಅಂತೀರಾ? ಅದು 2011ರ ಲೆಕ್ಕ. ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದ್ದು 2016ರಲ್ಲಿ. ಆ ಲೆಕ್ಕದಲ್ಲಿ ನಾನು ಈಗ ಕೂತು ಬರೀತಿರೋ ಜಾಗ ಇನ್ನೂ ತೆಂಗಿನ ತೋಟ.

ಹೀಗಾಗಿ ಈ ಸಲ ಅರ್ಜಿಯನ್ನು ಅವರ ಭಾಷೆಯಲ್ಲೇ ಬರೆಯೋಣ ಅಂತ ಕೂತ್ವಿ. ಕರಡಿನಲ್ಲಿ ಪ್ರತಿ ವಾರ್ಡ್‌ಗೂ ಚೆಕ್ಕುಬಂದಿ ಇರುತ್ತೆ: ಉತ್ತರಕ್ಕೆ ಈ ರಸ್ತೆ, ಪೂರ್ವಕ್ಕೆ ಆ ಕಾಲುವೆ ಅಂತ. ಅದರಲ್ಲಿ ಯಾವ ಸಾಲು ಬದಲಾಗಬೇಕು, ಬದಲಿಗೆ ಏನು ಬರಬೇಕು, ಬದಲಾದರೆ ಎರಡೂ ವಾರ್ಡ್‌ನ ಜನಸಂಖ್ಯೆ ಎಷ್ಟಾಗುತ್ತೆ, ಇಷ್ಟು ಹೇಳಬೇಕು. ಎಡಗಡೆ ಮನೆಗಳನ್ನು ನಮ್ಮ ವಾರ್ಡ್‌ಗೆ ಸೇರಿಸಿ ಅಂತ ನಾನು ಡ್ರಾಫ್ಟ್ ಮಾಡಿ, ಸಹಿಗೆ ಅಂತ ಎದುರುಮನೆ ಮೇಷ್ಟ್ರ ಹತ್ರ ಹೋದೆ. ನಿವೃತ್ತರು. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದರು.

“ನೀರು ಬರೋದು ನಮ್ಮನೆಗೆ. ವಾರ್ಡ್ ಬದಲಾಗೋದೂ ನಮ್ಮದೇ. ನಮ್ಮನ್ನ ಒಂದು ಮಾತು ಕೇಳಿದ್ಯೇನಪ್ಪಾ?”

ಕೇಳಿರಲಿಲ್ಲ. ಅವರ ರೇಷನ್ ಅಂಗಡಿ, ಅಂಗನವಾಡಿ, ಸೊಸೆ ಹೋಗೋ ಸ್ವಸಹಾಯ ಸಂಘ ಎಲ್ಲ ಆ ಕಡೆಗೇ. ಅವರು ಬರೋದಿಲ್ಲ. ಬೇಕಾದರೆ ನೀವೇ ಬನ್ನಿ ಅಂದರು.

ಆ ರಾತ್ರಿ ಎಕ್ಸೆಲ್ ತೆರೆದಾಗ ಹೊಳೀತು, ಲೆಕ್ಕಕ್ಕೂ ಅದೇ ಸುಲಭ. ರಸ್ತೆಯಿಂದ ಹಿಂದಿನ ರಾಜಕಾಲುವೆವರೆಗಿನ ನಮ್ಮ ಸಾಲಿನಲ್ಲಿ 2011ರಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಬ್ಲಾಕಿನಷ್ಟು ಹಳೇ ಮನೆಗಳು. ಅಂದ್ರೆ ಸುಮಾರು 700 ಜನ. ಅವರ ಕಡೆ ಅದರ ನಾಲ್ಕರಷ್ಟು. ಕಾಗದದ ಮೇಲೆ ನಾವು ಇಲ್ಲದೇ ಇರೋದೇ ನಮಗೆ ಅನುಕೂಲವಾಯ್ತು! ನಮ್ಮ ಫ್ಲ್ಯಾಟ್‌ನವರನ್ನು ಒಪ್ಪಿಸೋದು ಮಾತ್ರ ಸುಲಭವಾಗಿರಲಿಲ್ಲ. ‘ವಾರ್ಡ್ ಹೆಸರು ಬದಲಾದರೆ ಫ್ಲ್ಯಾಟ್ ರೇಟ್ ಬೀಳುತ್ತಾ’ ಅಂತ ಕೇಳಿದವರೂ ಇದ್ದರು. ಎರಡು ಸಂಜೆ ಹೋಯ್ತು.

ಕೊನೆಗೆ ಒಂದೇ ಪುಟ, ಒಂದೇ ಬೇಡಿಕೆ: ಗಡಿ ರಸ್ತೆ ಬದಲು ರಾಜಕಾಲುವೆ ಆಗಲಿ. ಜೊತೆಗೆ ಗುರುತು ಹಾಕಿದ ನಕ್ಷೆ, ಚರಂಡಿಯ ಫೋಟೋ, ರಸ್ತೆಯ ಎರಡೂ ಕಡೆಯವರ ಸಹಿ. ವಿಕಾಸಸೌಧದ ನಗರಾಭಿವೃದ್ಧಿ ಇಲಾಖೆಗೆ ಕೊಟ್ಟು, ನಮ್ಮ ಪ್ರತಿ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದೆ. (ಮತಗಟ್ಟೆ ದೂರ ಆಯ್ತು ಅನ್ನೋ ದೂರು ಇಲ್ಲಿಗೆ ಬರೋದಲ್ಲ. ಅದಕ್ಕೆ ನಿಮ್ಮ ಬಿಎಲ್‌ಒ, ಮತದಾರರ ನೋಂದಣಿ ಅಧಿಕಾರಿ ಇದ್ದಾರೆ. ನಮ್ಮ ಗ್ರೂಪ್‌ನಲ್ಲಿ ಅರ್ಧ ಜನ ಎರಡನ್ನೂ ಒಂದೇ ಅಂದುಕೊಂಡಿದ್ದರು.)

ನವೆಂಬರ್ 19ಕ್ಕೆ ಅಂತಿಮ ಅಧಿಸೂಚನೆ. ವಾರ್ಡ್ 368 ಹೋಗಿ 369 ಆಗಿತ್ತು. ಆಫೀಸ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಚೆಕ್ಕುಬಂದಿ ಹುಡುಕಿದೆ. ಪೂರ್ವಕ್ಕೆ: ರಾಜಕಾಲುವೆ. ಮೇಷ್ಟ್ರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ಹೆಬ್ಬೆಟ್ಟಿನ ಇಮೋಜಿ ಕಳಿಸಿದರು.

ಹೋದ ಭಾನುವಾರ ಕಾಲುವೆ ಆಚೆ ದಡದ ಎಂಟು ಮನೆಯವರು ನಮ್ಮ ಗೇಟ್ ಹತ್ರ ಬಂದಿದ್ದರು. ಅವರು ದಿನಾ ಓಡಾಡೋದು ನಮ್ಮ ಕಡೆಯ ಕಿರುಸೇತುವೆ ಮೇಲೇ, ನೀರು–ಕಸ ಎಲ್ಲಾ ನಮ್ಮ ರಸ್ತೆ ಜೊತೆಗೇ. ಈಗ ಅವರಷ್ಟೇ ಆಚೆ ವಾರ್ಡ್‌ನಲ್ಲಿ ಉಳಿದಿದ್ದಾರೆ. “ನಿಮ್ಮ ಲೆಕ್ಕದಲ್ಲಿ ನಾವಿರಲಿಲ್ವಾ?” ಅಂದರು ಒಬ್ಬರು ಅಮ್ಮ. ಜನಗಣತಿ ಅಂತ 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಗಡಿಗಳನ್ನು ಮುಟ್ಟೋ ಹಾಗಿಲ್ಲ ಅಂತ ಹೇಳಿದೆ. ಅವರ ಮನೆ ನಂಬರುಗಳನ್ನು ಅದೇ ಎಕ್ಸೆಲ್‌ನಲ್ಲಿ ಬರ್ಕೊಂಡಿದೀನಿ.