ಟಿಬಿ ಗುಳಿಗಿ, ಲಿವರ್ ಮತ್ತು ವಿಟಮಿನ್

ಕುಡಚಿಯಲ್ಲಿ ಮನೆ ಭೇಟಿಗೆ ಹೋದಾಗ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಸಿಸ್ಟರ್, ಟಿಬಿ ಗುಳಿಗಿ ಲಿವರ್ ಕೆಡಸ್ತಾವಂತ. ಮಗನಿಗೆ ವಿಟಮಿನ್ ಟಾನಿಕ್ ಕುಡಿಸಿದ್ರ ಸಾಕಲ್ರಿ?" ಕಬ್ಬು ಕಡಿದ ಕೂಲಿಯೆಲ್ಲ ಟಾನಿಕ್ಕಿಗೆ ಹೋಗಿತ್ತು.

ಅವರ ಭಯ ಸುಳ್ಳಲ್ಲ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಕೆಲವರ ಲಿವರಿಗೆ ಪೆಟ್ಟು ಕೊಡುತ್ತವೆ. ಲಿವರ್ ಔಷಧಿಯನ್ನು ಒಡೆಯುವಾಗ ಹುಟ್ಟುವ ವಿಷಕಣಗಳು ಅದರ ಜೀವಕೋಶಗಳನ್ನೇ ಹಾಳು ಮಾಡುತ್ತವೆ. ವಿಟಮಿನ್ ಸಿ, ಇ ಅಂಥ ಕಣಗಳನ್ನು ತಣಿಸಬಲ್ಲವು. ಇಲಿಗಳ ಮೇಲಿನ ಪ್ರಯೋಗದಲ್ಲಿ ಲಾಭವೂ ಕಂಡಿದೆ. ಮನುಷ್ಯರಲ್ಲಿ ಮಾತ್ರ ಇದು ಗಟ್ಟಿಯಾಗಿ ಸಾಬೀತಾಗಿಲ್ಲ. ಟಿಬಿ ಗುಳಿಗಿ ಜೊತೆ ಕೊಡುವ ಬಿ6 ನರಗಳ ರಕ್ಷಣೆಗೆ, ಲಿವರಿಗಲ್ಲ. ನೆಲ್ಲಿಕಾಯಿ, ಪೇರಲ, ಶೇಂಗಾ ತಿನ್ನಿರಿ, ಒಳ್ಳೆಯದೇ. ಆದರೆ ಸೆರೆ ಕುಡಿಯುತ್ತ ತಿಂದರೆ ಏನು ಬಂತು?

ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣ ಆಗುವುದು ಸಹಜ, ಹೆದರಬೇಡಿರಿ. ಕಣ್ಣಿನ ಬಿಳಿ ಭಾಗ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟವೇ ಸೇರದಿದ್ದರೆ ಮುಂದಿನ ಡೋಸ್ ನುಂಗದೆ ಅಂದೇ ದವಾಖಾನೆಗೆ ಹೋಗಿರಿ. ಲಿವರ್ ಸುಧಾರಿಸಿದ ಮೇಲೆ ಡಾಕ್ಟರರು ರಕ್ತ ಪರೀಕ್ಷೆ ನೋಡಿಕೊಂಡು ಔಷಧಿಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಕಾಮಣಿಗೆ ನಾಟಿ ಔಷಧ ಕುಡಿದು, ಟಿಬಿ ಗುಳಿಗಿಯನ್ನೇ ಬಿಟ್ಟು ಕೂತವರನ್ನು ನಾವು ನೋಡಿದ್ದೇವೆ. ಕೆಮ್ಮು ತಿರುಗಿ ಬಂತು.

ಆ ತಾಯಿಯ ಮಗನನ್ನು ಬಾಗಿಲ ಬೆಳಕಿಗೆ ಕರೆದು ಕಣ್ಣು ನೋಡಿದೆವು. ಬೆಳ್ಳಗಿದ್ದವು.