ಜೋಳದ ಸುಳಿಯೊಳಗಿನ ನೀರಿನ ಪೊರೆ

ಕಿತ್ತೂರು ಮತ್ತು ಬೈಲಹೊಂಗಲದ ಪಶ್ಚಿಮ ಭಾಗದಲ್ಲಿ ಭತ್ತ ಬೆಳೆಯುವಷ್ಟು ಮಳೆಯಾಗುತ್ತದೆ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೊರಟರೆ ಮಳೆ ತಗ್ಗುತ್ತದೆ. ಅಲ್ಲಿಯ ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವು ರೊಟ್ಟಿಗೂ ದನಗಳ ಮೇವಿಗೂ ಆಧಾರ. ಬಿತ್ತಿದ ಮೇಲೆ ಈ ಬೆಳೆಗೆ ಮಳೆ ಸಿಗುವುದು ಅಪರೂಪ. ಮಣ್ಣಿನಲ್ಲಿ ಉಳಿದ ತೇವದಲ್ಲಿಯೇ ತೆನೆ ಕಟ್ಟಬೇಕು. ಆದ್ದರಿಂದ ಸೆಪ್ಟೆಂಬರಿನ ಉತ್ತರಿ ಮಳೆಗೇ ಬಿತ್ತುವುದು ಲಾಭಕರ. ಆದರೆ ಬೇಗ ಬಿತ್ತಿದ ಹಿಂಗಾರಿ ಜೋಳಕ್ಕೆ ಸುಳಿನೊಣದ ಕಾಟ ಹೆಚ್ಚು. ತಡಮಾಡಿದರೆ ನೊಣವೂ ಕಡಿಮೆ, ತೇವವೂ ಕಡಿಮೆ. ಬೀಜೋಪಚಾರದಿಂದ ಸ್ವಲ್ಪ ರಕ್ಷಣೆ ದೊರೆಯುತ್ತದೆ, ನಿಜ. ಆದರೆ ನಿರೋಧಕ ಗುಣ ಬೀಜದಲ್ಲಿಯೇ ಇದ್ದರೆ ರೈತನಿಗೆ ಪ್ರತ್ಯೇಕ ಖರ್ಚಿಲ್ಲ.

ತಾಯಿನೊಣವು ಎಳೆಯ ಗಿಡದ ಎಲೆಯ ಕೆಳಮೈಗೆ ಬಿಳಿಯ ಮೊಟ್ಟೆಯೊಂದನ್ನು ಅಂಟಿಸುತ್ತದೆ. ಎರಡು ಮೂರು ದಿನಗಳಲ್ಲಿ, ಬಹುಮಟ್ಟಿಗೆ ನಸುಕಿನ ವೇಳೆ, ಮರಿಹುಳು ಹೊರಬಂದು ಸುಳಿಯೊಳಗೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಒಣಗಿದ ಸುಳಿಯನ್ನು ಎಳೆದು ನೋಡಿ: ಸಲೀಸಾಗಿ ಕೈಗೆ ಬರುತ್ತದೆ, ಬುಡ ಕೊಳೆತು ನಾರುತ್ತದೆ.

ಮರಿಹುಳುವಿನ ಈ ಪುಟ್ಟ ಪ್ರಯಾಣದಲ್ಲಿ ಭೌತವಿಜ್ಞಾನದ ಪಾಠವೊಂದಿದೆ. ಅದರ ಉದ್ದ ಸುಮಾರು ಒಂದು ಮಿಲಿಮೀಟರ್. ಅಷ್ಟು ಸಣ್ಣ ಜೀವಿಗೆ ತನ್ನ ತೂಕಕ್ಕಿಂತ ನೀರಿನ ಮೇಲ್ಮೈ ಎಳೆತವೇ ದೊಡ್ಡ ಬಲ. ಸುಳಿಯ ಎಲೆಯ ಮೇಲೆ ತೆಳುವಾದ ನೀರಿನ ಪೊರೆಯಿದ್ದರೆ ಹುಳು ಅದಕ್ಕೆ ಅಂಟಿಕೊಂಡು ಜಾರುತ್ತಾ ಇಳಿಯುತ್ತದೆ. ಮೈ ಒಣಗುವ ಭಯವೂ ಇಲ್ಲ. ಎಲೆ ಒಣಗಿದ್ದು, ಸೂಕ್ಷ್ಮ ರೋಮಗಳು ದಟ್ಟವಾಗಿದ್ದರೆ ದಾರಿ ದುರ್ಗಮ. ಈ ನೀರು ಇಬ್ಬನಿಯೆಂದೇ ಯಾರಿಗಾದರೂ ತೋರುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಟ್ರಿಟಿಯಂ ಗುರುತಿನ ನೀರನ್ನು ಬಳಸಿ ಪರೀಕ್ಷಿಸಿದಾಗ, ಅದು ಬಹುಪಾಲು ಗಿಡದೊಳಗಿನಿಂದಲೇ ಒಸರಿದ್ದೆಂದು ತಿಳಿದುಬಂತು. ಅಂದರೆ ಸುಳಿ ಎಷ್ಟು ಒದ್ದೆಯಾಗುತ್ತದೆ ಎಂಬುದು ತಳಿಯ ಗುಣ! ನಮ್ಮ ಮೊದಲ ಮಿಶ್ರತಳಿ ಸಿಎಸ್‌ಎಚ್-1ರ (1964) ಸುಳಿ ಬಹಳ ಒದ್ದೆ. ನಿರೋಧಕ ತಳಿಯಾದ ಐಎಸ್ 18551ರದು ಹೆಚ್ಚು ಒಣ. ಸಿಎಸ್‌ಎಚ್-1 ಅಧಿಕ ಇಳುವರಿ ಕೊಟ್ಟರೂ ಸುಳಿನೊಣಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು.

ಹಾಗಾದರೆ ಎರಡನ್ನೂ ಸಂಕರಿಸಿ ಕೆಲಸ ಮುಗಿಸಬಹುದಲ್ಲ ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ನಿರೋಧಕತೆ ಒಂದೇ ಜೀನಿನಿಂದ ಬರುವುದಿಲ್ಲ; ಹೊಳಪಿನ ಎಲೆ, ರೋಮ, ಒಣಸುಳಿ, ಸಸಿಯ ಚುರುಕು ಬೆಳವಣಿಗೆ ಇವೆಲ್ಲ ಸೇರಬೇಕು. ರೋಮ ಮತ್ತು ಹೊಳಪು ಅಪ್ರಬಲ ಗುಣಗಳಾದ್ದರಿಂದ ಮಿಶ್ರತಳಿಯ ತಾಯಿ, ತಂದೆ ಎರಡರಲ್ಲೂ ಇರಬೇಕಾಗುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಮಾಲದಂಡಿ ಜೋಳದಿಂದ ಆರಿಸಿದ ಎಂ 35-1, ಸಾಧಾರಣ ನಿರೋಧಕತೆಯಿಂದಲೇ ಹಿಂಗಾರಿನ ಹೊಲಗಳಲ್ಲಿ ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ರೊಟ್ಟಿಯ ರುಚಿ ಇನ್ನೊಂದು.

ಹೊಳಪಿನ ಮುಖ್ಯ ಜೀನುಗಳು ಜೋಳದ 5ನೆಯ ವರ್ಣತಂತುವಿನಲ್ಲೂ ರೋಮದವು 10ನೆಯದರಲ್ಲೂ ಇರುವುದು ಈಗ ಗೊತ್ತಾಗಿದೆ. ಹೀಗಾಗಿ ನೊಣವೇ ಬಾರದ ವರ್ಷದಲ್ಲಿಯೂ ಸಸಿಯ ಡಿಎನ್‌ಎ ಪರೀಕ್ಷಿಸಿ ಬೇಕಾದ ಗಿಡವನ್ನು ಆರಿಸಿಕೊಳ್ಳಲು ಸಾಧ್ಯ.