‘ಕ್ಲಿಯರ್‌ಸ್ಟೋರಿ’: ಒಂದು ಪದದ ಉಚ್ಚಾರ ವಿಚಾರ

ಬರೆದಂತೆ ಓದುವುದು ಕನ್ನಡದ ಸಹಜಧರ್ಮ. ಆ ಅಭ್ಯಾಸದಿಂದಲೇ ಇಂಗ್ಲಿಷನ್ನು ಓದಹೊರಟ ವಿದ್ಯಾರ್ಥಿಯು ಅಲ್ಲಲ್ಲಿ ಎಡವುವುದುಂಟು. ಅದನ್ನು ಕಂಡು ನಗುವುದಕ್ಕಿಂತ ಅದರ ಕಾರಣವನ್ನರಿಯುವುದು ಅಧ್ಯಾಪಕರಿಗೆ ಶ್ರೇಯಸ್ಕರ. ನಿದರ್ಶನಕ್ಕಾಗಿ ವಾಸ್ತುಶಿಲ್ಪದ ಒಂದು ವಿರಳ ಪದವನ್ನು ಪರಿಶೀಲಿಸೋಣ.

ಯೂರೋಪಿನ ಗಾಥಿಕ್ ಶೈಲಿಯ ದೊಡ್ಡ ಚರ್ಚುಗಳಲ್ಲಿ ನಡುವಣ ಅಂಕಣದ ಗೋಡೆಗಳು ಪಕ್ಕದ ಅಂಕಣಗಳ ಮಾಡನ್ನು ಮೀರಿ ಮೇಲೇರುತ್ತವೆ. ಆ ಮೇಲ್ಭಾಗದ ಕಿಟಕಿಗಳ ಸಾಲಿನಿಂದ ಬೆಳಕು ಒಳಗಿಳಿಯುತ್ತದೆ. 1220ರಲ್ಲಿ ಆರಂಭವಾದ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲಿನಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಈ ಭಾಗದ ಹೆಸರೇ ‘ಕ್ಲಿಯರ್‌ಸ್ಟೋರಿ’.

ಇದರ ಕಾಗುಣಿತ ಸಿ, ಎಲ್, ಇ, ಆರ್, ಇ, ಎಸ್, ಟಿ, ಓ, ಆರ್, ವೈ. ಇದನ್ನು ಕಂಡ ವಿದ್ಯಾರ್ಥಿಯು ‘ಕ್ಲೆ-ರೆಸ್-ಟೊ-ರಿ’ ಎಂದು ನಾಲ್ಕಾಗಿ ಒಡೆದು, ‘ರೆಸ್’ ಎಂಬಲ್ಲಿ ಬಲ ಕೊಡುವ ಸಂಭವವಿದೆ. ಇದು ಅವಿವೇಕವಲ್ಲ. ಸನ್ಯಾಸಿಗಳ ಭೋಜನಶಾಲೆಯನ್ನು ಸೂಚಿಸುವ ‘ರಿಫೆಕ್ಟರಿ’ ಎಂಬ ಪದದಲ್ಲಿ ನಾಲ್ಕು ಉಚ್ಚಾರಾಂಶಗಳಿದ್ದು, ಬಲವು ಎರಡನೆಯದಾದ ‘ಫೆಕ್’ ಮೇಲೆಯೇ ಬೀಳುತ್ತದೆ. ಕಣ್ಣಿಗೆ ಎರಡೂ ಪದಗಳ ಅಂತ್ಯ ಒಂದೇ.

ಆದರೆ ರಚನೆ ಬೇರೆ. ‘ರಿಫೆಕ್ಟರಿ’ಯ ಕೊನೆಯಲ್ಲಿರುವುದು ಬರಿಯ ಪ್ರತ್ಯಯ. ‘ಕ್ಲಿಯರ್‌ಸ್ಟೋರಿ’ಯಾದರೋ ಸಮಾಸಪದ. ಅದರ ಪೂರ್ವಪದವು ‘ತಿಳಿಯಾದ, ಬೆಳಕುಳ್ಳ’ ಎಂಬರ್ಥದ ‘ಕ್ಲಿಯರ್’ ಶಬ್ದದ ಹಳೆಯ ರೂಪ. ಉತ್ತರಪದವು ‘ಅಂತಸ್ತು’ ಎಂಬರ್ಥದ ‘ಸ್ಟೋರಿ’. ಬೆಳಕಿನ ಅಂತಸ್ತು ಎಂಬುದೇ ಒಟ್ಟಿನ ಅರ್ಥ. ಪೂರ್ವಪದದ ಕೊನೆಯ ‘ಇ’ ಅಕ್ಷರ ಮೌನವಾದುದರಿಂದ ಉಚ್ಚಾರಾಂಶಗಳು ಮೂರೇ: ಕ್ಲಿಯರ್-ಸ್ಟೋ-ರಿ. ನಮ್ಮ ಲಿಪಿಯಲ್ಲಿ ‘ಕ್ಲಿಯರ್’ ಎರಡು ಅಕ್ಷರಗಳಂತೆ ಕಂಡರೂ ಇಂಗ್ಲಿಷಿನಲ್ಲಿ ಅದು ಒಂದೇ ಉಚ್ಚಾರಾಂಶ. ಪ್ರಧಾನ ಸ್ವರಾಘಾತ ಅದರ ಮೇಲೆ ಬೀಳುತ್ತದೆ. ‘ಸ್ಟೋ’ ಎಂಬುದಕ್ಕೆ ಗೌಣ ಬಲವಷ್ಟೇ. ಸಮಾಸ ನಾಮಪದಗಳಲ್ಲಿ ಪೂರ್ವಪದಕ್ಕೆ ಹೆಚ್ಚಿನ ಬಲ ಕೊಡುವುದು ಇಂಗ್ಲಿಷಿನ ಸಾಮಾನ್ಯ ರೂಢಿ. ‘ಕ್ಲಾಸ್‌ರೂಮ್’, ‘ಬ್ಲ್ಯಾಕ್‌ಬೋರ್ಡ್’ ಎಂಬ ಪರಿಚಿತ ಪದಗಳಲ್ಲಿಯೂ ಇದೇ ಕ್ರಮ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮ ಛಂದಸ್ಸಿನ ಗುರು-ಲಘುಗಳು ಉಚ್ಚಾರದ ಕಾಲವನ್ನು ಅಳೆಯುತ್ತವೆ. ಇಂಗ್ಲಿಷಿನ ಸ್ವರಾಘಾತ ಮುಖ್ಯವಾಗಿ ಉಚ್ಚಾರದ ಬಲಕ್ಕೆ ಸಂಬಂಧಿಸಿದುದು. ಇವೆರಡನ್ನೂ ಒಂದೆಂದು ಭಾವಿಸಲಾಗದು. ಅನೇಕ ನಿಘಂಟುಗಳಲ್ಲಿ ಆಘಾತವುಳ್ಳ ಉಚ್ಚಾರಾಂಶದ ಮುಂಚೆ, ಮೇಲ್ಗಡೆ, ಒಂದು ಸಣ್ಣ ನೆಟ್ಟಗೆರೆಯಿರುತ್ತದೆ. ಅದನ್ನು ಗುರುತಿಸುವ ಅಭ್ಯಾಸವನ್ನು ಪ್ರೌಢಶಾಲೆಯಲ್ಲಿಯೇ ಮಾಡಿಸಬೇಕು.

ತಪ್ಪಾಗಿ ಓದಿದೆನೆಂದು ಒಮ್ಮೆ ನಗೆಗೀಡಾದ ಬಾಲಕನು ಮತ್ತೆ ಬಾಯಿ ತೆರೆಯಲು ಅಂಜುತ್ತಾನೆ. ಅದೇ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು, ಅರ್ಥವನ್ನು ಹೇಳಿ, ಎರಡು ಪದಗಳ ನಡುವೆ ಒಂದು ಗೆರೆಯೆಳೆದರೆ ಸಾಕು. ಅದನ್ನು ಎಲ್ಲಿ ಬಿಡಿಸಬೇಕೆಂಬುದು ಅವನಿಗೇ ಹೊಳೆಯುತ್ತದೆ.